ಮಿತಿಯ ಗಣಿತ

ಸಂತೆಗೆ ಹೊರಟ ಮಗನಿಗೆ ತಾಯಿಯು, “ಐನೂರು ರೂಪಾಯಿ ದಾಟಬಾರದು ನೋಡಪ್ಪಾ, ಕಾಯಿಪಲ್ಲೆ ವಾರಪೂರ್ತಿ ಸಾಲಬೇಕು” ಎಂದು ಹೇಳುತ್ತಾಳೆ. ಈ ಒಂದು ಮಾತಿನಲ್ಲಿ ಎರಡು ಅಸಮತೆಗಳು ಅಡಗಿವೆ. ನಾವು ಶಾಲೆಯಲ್ಲಿ ಹೆಚ್ಚಾಗಿ ಸಮೀಕರಣಗಳನ್ನು ಬಿಡಿಸುತ್ತೇವೆ. ಆದರೆ ಬದುಕಿನಲ್ಲಿ ‘ಸರಿಯಾಗಿ ಇಷ್ಟೇ’ ಎಂಬ ಸಂದರ್ಭಗಳು ವಿರಳ. ‘ಇಷ್ಟಕ್ಕಿಂತ ಹೆಚ್ಚಬಾರದು’, ‘ಇಷ್ಟಕ್ಕಿಂತ ಕಡಿಮೆಯಾಗಬಾರದು’ ಎಂಬ ಸಂದರ್ಭಗಳೇ ಹೆಚ್ಚು.

ನಿತ್ಯಜೀವನದ ಲೆಕ್ಕವನ್ನು ಕನ್ನಡಿಗರು ಬಹು ಹಿಂದೆಯೇ ಗೌರವಿಸಿದ್ದಾರೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಇಂದು ನಾವು ಬಳಸುವ <, > ಎಂಬ ಚಿಹ್ನೆಗಳಾದರೋ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಮರಣಾನಂತರ, 1631ರಲ್ಲಿ, ಪ್ರಕಟವಾದ ಗ್ರಂಥದಿಂದ ಬಂದವು.

ಹಾವೇರಿ ಜಿಲ್ಲೆಯ ನಾಲ್ಕು ಊರುಗಳಿಂದ ಒಂದೊಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಸವಣೂರು ವೀಳ್ಯದೆಲೆಗೆ ಹೆಸರಾದುದು. ಅಲ್ಲಿಯ ವ್ಯಾಪಾರಿಯೊಬ್ಬಳಿಗೆ ಎಲೆಯ ಕಟ್ಟೊಂದಕ್ಕೆ 8 ರೂಪಾಯಿ ಲಾಭ; ಹೋಗಿಬರುವ ಖರ್ಚು 60 ರೂಪಾಯಿ. ಸಂಜೆ ಮನೆಗೆ ಕನಿಷ್ಠ 200 ರೂಪಾಯಿ ಒಯ್ಯಬೇಕಾದರೆ ಎಷ್ಟು ಕಟ್ಟು ಮಾರಬೇಕು? ಕಟ್ಟುಗಳ ಸಂಖ್ಯೆ ‘ಕ’ ಆಗಿರಲಿ.

8ಕ − 60 ≥ 200
8ಕ ≥ 260
ಕ ≥ 32.5

ಅರ್ಧ ಕಟ್ಟನ್ನು ಕೊಳ್ಳುವವರಿಲ್ಲ. 32 ಮಾರಿದರೆ 4 ರೂಪಾಯಿ ಕಡಿಮೆಯಾಗುವುದು. ಆದುದರಿಂದ ಉತ್ತರ 33.

ಶಿಗ್ಗಾಂವಿಯಲ್ಲಿ 3000 ಕಿಲೋ ಹೊರಬಲ್ಲ ಗಾಡಿಗೆ 70 ಕಿಲೋ ತೂಕದ ಚೀಲಗಳನ್ನು ಹೇರಬೇಕಾಗಿದೆ. 70ಕ ≤ 3000. ಎಂದರೆ ಕ ≤ 42.85…. ಇಲ್ಲಿ ಮೇಲಿನ ಸಂಖ್ಯೆಯನ್ನು ಹಿಡಿದರೆ ಭಾರ ಮಿತಿಮೀರುವುದು, ಉತ್ತರ 42. ಉತ್ತರವನ್ನು ಏರಿಸಬೇಕೋ ಇಳಿಸಬೇಕೋ ಎಂಬುದನ್ನು ಸಂದರ್ಭವೇ ಹೇಳುತ್ತದೆ.

ಹಾನಗಲ್ಲು ಭತ್ತದ ನಾಡು. ಸುಗ್ಗಿಯ ನಂತರ ಮನೆಯೊಂದರಲ್ಲಿ 20 ಚೀಲ ಭತ್ತವಿದೆ. ತಿಂಗಳಿಗೆ ಒಂದೂವರೆ ಚೀಲ ಬೇಕು. ಬೀಜಕ್ಕೂ ಆಪತ್ತಿಗೂ ಸೇರಿ 5 ಚೀಲವಾದರೂ ಉಳಿಯಬೇಕು. ಭತ್ತ ಎಷ್ಟು ತಿಂಗಳು ಬಂದೀತು?

20 − 1.5ಕ ≥ 5
−1.5ಕ ≥ −15
ಕ ≤ 10

ಋಣಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆಯು ತಿರುಗಿತು. ಇದೇಕೆ? ಮೂರು ರೂಪಾಯಿ ಉಳ್ಳವನು ಎರಡು ರೂಪಾಯಿ ಉಳ್ಳವನಿಗಿಂತ ಸಿರಿವಂತ. ಆದರೆ ಮೂರು ರೂಪಾಯಿ ಸಾಲವುಳ್ಳವನು ಎರಡು ರೂಪಾಯಿ ಸಾಲವುಳ್ಳವನಿಗಿಂತ ಬಡವ. 3 > 2. −3 < −2. ನಿಯಮದ ಮರ್ಮ ಇಷ್ಟೇ.

ಮುಂದಿನ ಸುಗ್ಗಿಗೆ ಹನ್ನೆರಡು ತಿಂಗಳು. ಭತ್ತವೋ ಹತ್ತೇ ತಿಂಗಳಿಗೆ. ಕಣಜ ಬರಿದಾದ ದಿನ ಇದು ತಿಳಿದರೆ ಬೀಜದ ಭತ್ತಕ್ಕೇ ಕೈಹಾಕಬೇಕಾಗುತ್ತದೆ. ಇಂದೇ ತಿಳಿದರೆ ತಿಂಗಳಿಗೆ ಒಂದೂಕಾಲು ಚೀಲದಲ್ಲಿ ನಿಭಾಯಿಸಿ ವರ್ಷವನ್ನು ದಾಟಬಹುದು.

ಕೊನೆಯದಾಗಿ ಹಿರೇಕೆರೂರಿನ ರೈತನನ್ನು ನೋಡಿರಿ. ಅವನಿಗೆ 5 ಎಕರೆ ಹೊಲ. ಕೈಯಲ್ಲಿ 76,000 ರೂಪಾಯಿ. ಎಕರೆಗೆ ಗೋವಿನಜೋಳಕ್ಕೆ 12,000, ಹತ್ತಿಗೆ 20,000 ರೂಪಾಯಿ ಖರ್ಚೆಂದು ಭಾವಿಸೋಣ. ಹೊಲವನ್ನೆಲ್ಲ ಬಿತ್ತಬೇಕು, ಸಾಲ ಮಾಡಬಾರದು. ಗೋವಿನಜೋಳಕ್ಕೆ ‘ಕ’ ಎಕರೆಯಾದರೆ ಹತ್ತಿಗೆ ಉಳಿಯುವುದು (5 − ಕ) ಎಕರೆ. ಖರ್ಚನ್ನು ಸಾವಿರಗಳಲ್ಲಿ ಬರೆದರೆ:

12ಕ + 20(5 − ಕ) ≤ 76
100 − 8ಕ ≤ 76
ಕ ≥ 3

ಅಂದರೆ ಕನಿಷ್ಠ 3 ಎಕರೆ ಗೋವಿನಜೋಳವನ್ನು ಬಿತ್ತಬೇಕು. ಹತ್ತಿ 2 ಎಕರೆಯನ್ನು ಮೀರಬಾರದು. ಹತ್ತಿಯ ಬೆಲೆಗೆ ಆಸೆಪಟ್ಟು ಇನ್ನೊಂದು ಎಕರೆಯನ್ನು ಹೆಚ್ಚಿಸಿದರೆ 8,000 ರೂಪಾಯಿ ಸಾಲವಾಗುವುದು.

ಮಳೆ ಯಾವಾಗ ಬಂದೀತು, ಪೇಟೆಯಲ್ಲಿ ಧಾರಣೆ ಎಷ್ಟಾದೀತು ಎಂಬುದನ್ನು ಅಸಮತೆಯು ಹೇಳಲಾರದು. ನಮ್ಮ ಕೈಯಲ್ಲಿರುವುದು ಎಲ್ಲಿಯವರೆಗೆ ಸಾಲುವುದೆಂಬುದನ್ನು ಮಾತ್ರ ಅದು ಮುಂಚಿತವಾಗಿ ತಿಳಿಸುತ್ತದೆ. ಬಿತ್ತನೆಗೆ ಮೊದಲು ಒಂದು ಹಾಳೆಯ ಮೇಲೆ ಇಷ್ಟನ್ನು ಬರೆದು ನೋಡುವ ಅಭ್ಯಾಸವು ಮನೆಯನ್ನು ಋಣದಿಂದ ಕಾಯಬಲ್ಲದು.