ನಿಮಗಿದು ಗೊತ್ತೆ? ಕೊಲೆಸ್ಟರಾಲ್ ತೆಗೆದರೆ ಪರಾವಲಂಬಿಗೆ ಪ್ರವೇಶ ಕಷ್ಟ!

ಸಾರಿನ ಮೇಲೆ ತೇಲುವ ಎರಡು ಎಣ್ಣೆ ಹನಿಗಳು ತಾಗಿದರೆ ಸಾಕು, ಒಂದಾಗಿಬಿಡುತ್ತವೆ. ಜೀವಕೋಶದ ಪೊರೆಯೂ ಮುಖ್ಯವಾಗಿ ಕೊಬ್ಬಿನದೇ. ಆದರೆ ಎರಡು ಪೊರೆಗಳು ಅಷ್ಟು ಸಲೀಸಾಗಿ ಬೆರೆಯುವುದಿಲ್ಲ.

ಪೊರೆಯೆಂದರೆ ಬರೀ 5 ನ್ಯಾನೊಮೀಟರ್ ಆಸುಪಾಸಿನ ದಪ್ಪದ ಜೋಡಿ ಪದರ. ಅದರ ಕೊಬ್ಬಿನ ಅಣುಗಳ ತಲೆಗೆ ನೀರು ಇಷ್ಟ, ಬಾಲಕ್ಕೆ ಆಗದು. ಹಾಗಾಗಿ ಎರಡು ಪೊರೆಗಳು ಕೂಡಬೇಕಾದರೆ ನಡುವಿನ ನೀರು ಮೊದಲು ಜಾಗ ಬಿಡಬೇಕು. ಬಳಿಕ ಎದುರುಬದುರಿನ ಪದರಗಳು ಬೆಸೆದು, ಕೊನೆಗೊಂದು ರಂಧ್ರ ತೆರೆದುಕೊಳ್ಳುತ್ತದೆ. ನರಕೋಶಗಳಲ್ಲಿ ‘ಸ್ನೇರ್’ ಪ್ರೋಟೀನುಗಳು ಹಗ್ಗದ ಎಳೆಗಳಂತೆ ಹೆಣೆದುಕೊಂಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಪೊರೆಗಳ ಇಂಥ ಬೆಸುಗೆಯಿಂದ ನಡೆಯುವ ಕೋಶದೊಳಗಿನ ಸಾಗಾಟದ ಗುಟ್ಟು ಬಿಡಿಸಿದ ಮೂವರಿಗೆ 2013ರ ನೊಬೆಲ್ ಸಿಕ್ಕಿತು.

ಪೊರೆಗಳು ಬೆಸೆಯುವುದಷ್ಟೇ ಅಲ್ಲ, ಬಾಗುತ್ತವೆ ಕೂಡ. ಆ ಕಥೆಗೆ ಹೈದರಾಬಾದಿನ ಸಂಶೋಧನಾ ಕೇಂದ್ರ ಸಿಸಿಎಂಬಿಗೆ ಬರಬೇಕು. ಕಾಲಾ ಅಜಾರ್ ರೋಗ ತರುವ ಲೀಶ್ಮೇನಿಯಾ ಪರಾವಲಂಬಿಯನ್ನು ನಮ್ಮದೇ ರಕ್ಷಕ ಕೋಶಗಳು ಪೊರೆ ಬಾಗಿಸಿ ಒಳಗೆ ನುಂಗುತ್ತವೆ. ಅದು ಅಲ್ಲೇ ಬೀಡುಬಿಡುತ್ತದೆ. ಅಮಿತಾಭ ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಈ ಕೋಶಗಳ ಪೊರೆಯಿಂದ ಕೊಲೆಸ್ಟರಾಲ್ ಹೀರಿ ತೆಗೆದರು. ಹೀರಿದ್ದು ಸಕ್ಕರೆ ಅಣುಗಳ ಬಳೆಯಂಥ ಸೈಕ್ಲೋಡೆಕ್ಸ್‌ಟ್ರಿನ್. ಪರಾವಲಂಬಿಗಳ ಒಳನುಗ್ಗುವಿಕೆ ಗಣನೀಯವಾಗಿ ತಗ್ಗಿತೆಂದು 2004ರಲ್ಲಿ ವರದಿ ಮಾಡಿದರು.

ರಕ್ತಪರೀಕ್ಷೆಯ ಚೀಟಿಯಲ್ಲಿ ಖಳನಾಯಕನಾದ ಕೊಲೆಸ್ಟರಾಲ್, ಪೊರೆಯಲ್ಲಿ ಮಾತ್ರ ಬೇಕೇ ಬೇಕಾದ ಸರಕು. ಕಳ್ಳನಿಗೂ ಅದೇ ಬೇಕು ಅನ್ನುವುದೇ ತಮಾಷೆ.