ಎಲೆಯಿಂದ ಹೊರಡುವ ನೀರು

ಲಕ್ಷ್ಮೇಶ್ವರದ ಬಳಿಯ ಶಿಗ್ಲಿಯ ಕಡೆ ಹಿಂಗಾರಿ ಜೋಳದ ಹೊಲವೊಂದನ್ನು ಮನಸ್ಸಿಗೆ ತಂದುಕೊಳ್ಳೋಣ. ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳ ಹದಕ್ಕೆ ಬಿತ್ತನೆಯಾಗುತ್ತದೆ. ಆಮೇಲೆ ಮಳೆ ಅಪರೂಪ. ಎರೆಯ ನೆಲವು ತನ್ನೊಡಲಲ್ಲಿ ಹಿಡಿದಿಟ್ಟ ತೇವವೇ ಸುಗ್ಗಿಯವರೆಗೆ ಪೈರಿಗೆ ಆಧಾರ. ಈ ಅಲ್ಪ ಬಂಡವಾಳವನ್ನು ಪೈರು ವೆಚ್ಚಮಾಡುವ ಬಗೆಯನ್ನು ವಿಚಾರಿಸಿದರೆ ನಮಗೆ ಆಶ್ಚರ್ಯವಾಗದಿರದು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತಲೂ ಹೆಚ್ಚು ಗಿಡದಲ್ಲಿ ನಿಲ್ಲದೆ ಆವಿಯಾಗಿ ಗಾಳಿಯನ್ನು ಸೇರುತ್ತದೆ. ಇದಕ್ಕೆ ಬಾಷ್ಪವಿಸರ್ಜನೆಯೆಂದು ಹೆಸರು.

ಇದನ್ನು ಕಣ್ಣಾರೆ ಕಾಣುವುದು ಕಷ್ಟವಲ್ಲ. ಎಲೆಗಳುಳ್ಳ ಹಸಿ ರೆಂಬೆಯೊಂದನ್ನು ಒಣಗಿದ ಗಾಜಿನ ಸೀಸೆಯೊಳಗೆ ತೂರಿಸಿ, ಬಾಯನ್ನು ಅರಳೆಯಿಂದ ಮುಚ್ಚಿ ಬಿಸಿಲಿನಲ್ಲಿ ಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿಯೇ ಒಳಗೋಡೆಯ ಮೇಲೆ ಹನಿಗಳು ಮೂಡುತ್ತವೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ಸೂರ್ಯಕಾಂತಿ ಗಿಡದ ಕುಂಡವನ್ನು ಸೀಸದ ತಗಡಿನಿಂದ ಮುಚ್ಚಿ ದಿನದಿನವೂ ತೂಗಿ, ಗಿಡವು ಕಳೆದುಕೊಂಡ ನೀರನ್ನು ಲೆಕ್ಕಹಾಕಿ, 1727ರಲ್ಲಿ ಪ್ರಕಟಿಸಿದನು. ಮೂರೂವರೆ ಅಡಿ ಎತ್ತರದ ಆ ಗಿಡವು ಒಂದು ಹಗಲಿನಲ್ಲಿ ಸರಾಸರಿ ಅರ್ಧ ಕಿಲೋಗ್ರಾಮಿಗೂ ಮೀರಿ ನೀರನ್ನು ಆವಿಮಾಡುತ್ತಿತ್ತು.

ನೀರು ಹೊರಡುವ ದಾರಿ ಯಾವುದು? ಎಲೆಯ ಮೇಲೆ ಮೇಣದ ತೆಳುಪೊರೆಯೊಂದಿದೆ. ಅದನ್ನು ದಾಟುವ ನೀರು ಅತ್ಯಲ್ಪ. ಮರಗಳ ಕಾಂಡದಲ್ಲಿಯೂ ತೊಗಟೆಯ ಕಿರುರಂಧ್ರಗಳ ಮೂಲಕ ಕೊಂಚ ಆವಿ ಹೊರಡುತ್ತದೆ. ಆದರೆ ಹೆಬ್ಬಾಗಿಲುಗಳೆಂದರೆ ಎಲೆಯ ಪತ್ರರಂಧ್ರಗಳು. ಪ್ರತಿಯೊಂದು ರಂಧ್ರದ ಎರಡು ಪಕ್ಕಗಳಲ್ಲಿಯೂ ಒಂದೊಂದು ಕಾವಲು ಕೋಶವಿದೆ. ಅವು ನೀರು ತುಂಬಿ ಉಬ್ಬಿದಾಗ ಬಾಗಿಲು ತೆರೆಯುತ್ತದೆ, ಸೊರಗಿದಾಗ ಮುಚ್ಚುತ್ತದೆ. ಎಲೆಯಿಂದ ನೀರು ಆರುತ್ತಿದ್ದಂತೆ, ಕಾಂಡದ ಸೂಕ್ಷ್ಮ ನಾಳಗಳಲ್ಲಿ ಕಡಿಯದ ದಾರದಂತಿರುವ ನೀರು ಬೇರಿನಿಂದ ಮೇಲಕ್ಕೆ ಸೆಳೆಯಲ್ಪಡುತ್ತದೆ. ನೆಲದ ಲವಣಗಳೂ ಅದರೊಡನೆ ಏರುತ್ತವೆ, ಎಲೆಯೂ ತಂಪಾಗುತ್ತದೆ.

ಹಾಗಾದರೆ ಬರಗಾಲದಲ್ಲಿ ಗಿಡವು ಬಾಗಿಲುಗಳನ್ನು ಮುಚ್ಚಿಯೇ ಇರಬಾರದೇಕೆ? ಇಲ್ಲಿಯೇ ಅದರ ಸಂಕಟ. ಆಹಾರ ತಯಾರಿಕೆಗೆ ಬೇಕಾದ ಇಂಗಾಲಾಮ್ಲ ವಾಯುವು ಒಳಬರುವುದೂ ಅದೇ ಬಾಗಿಲಿನಿಂದ. ಮುಚ್ಚಿದರೆ ಹಸಿವು, ತೆರೆದರೆ ನೀರಡಿಕೆ. ಜೋಳವು ಈ ಇಕ್ಕಟ್ಟನ್ನು ಜಾಣತನದಿಂದ ನಿಭಾಯಿಸುತ್ತದೆ. ಅದರ ದಂಟಿನ ಮೇಲೆ ಬೆರಳಾಡಿಸಿದರೆ ಹತ್ತುವ ಬಿಳಿಯ ಪುಡಿ ಮೇಣವೇ. ತೇವ ಸಾಲದಾದಾಗ ಎಲೆಯು ಸುರುಳಿಯಾಗಿ ಬಿಸಿಲಿಗೆ ತೋರುವ ಮೈಯನ್ನು ಕಿರಿದುಮಾಡಿಕೊಳ್ಳುತ್ತದೆ. ಬೇಲಿಯ ಪಾಪಾಸುಕಳ್ಳಿಯಂತೂ ಎಲೆಯ ಕೆಲಸವನ್ನು ಹಸುರು ಕಾಂಡಕ್ಕೆ ಒಪ್ಪಿಸಿ, ರಂಧ್ರಗಳನ್ನು ಬಹುಮಟ್ಟಿಗೆ ರಾತ್ರಿಯ ತಂಪಿನಲ್ಲಿಯೇ ತೆರೆಯುತ್ತದೆ.

ಬೆಳೆಯ ಬಾಷ್ಪವಿಸರ್ಜನೆಯನ್ನು ನಾವು ತಡೆಯಲಾಗದು. ತಡೆದರೆ ಬೆಳೆಯೇ ನಿಲ್ಲುವುದು. ಆದರೆ ಕಸವೂ ಅದೇ ಬಗೆಯಲ್ಲಿ ನೀರನ್ನು ಗಾಳಿಗೆ ಚೆಲ್ಲುತ್ತದೆಂಬುದನ್ನು ಮರೆಯಬಾರದು. ಅದು ಕುಡಿದ ಪ್ರತಿಯೊಂದು ಹನಿಯೂ ಜೋಳದ ತೆನೆಗೆ ತಪ್ಪಿದ ಹನಿ. ಸಾಲುಗಳ ನಡುವೆ ಎಡೆ ಹೊಡೆಯುವುದರಿಂದ ಕಸ ಸಾಯುತ್ತದೆ. ಸಡಿಲವಾದ ಮೇಲ್ಮಣ್ಣು ಬಿರುಕುಗಳನ್ನು ಮುಚ್ಚಿ ಕೆಳಗಿನ ತೇವವನ್ನು ಕಾಯುತ್ತದೆ. ಒತ್ತಾದ ಸಸಿಗಳನ್ನು ತೆಳುಮಾಡಿದರೆ ಉಳಿದವುಗಳ ಪಾಲು ಹೆಚ್ಚುತ್ತದೆ. ನೆಲದ ನೀರು ಹೇಗೂ ಮುಗಿಲಿಗೆ ಮರಳುವುದೇ. ಅದು ಜೋಳದ ಎಲೆಯ ದಾರಿಯಿಂದ ಮರಳುವಂತೆ ನೋಡಿಕೊಳ್ಳುವುದು ಒಕ್ಕಲಿಗನ ಕೈಯಲ್ಲಿದೆ.