ಹಳೆಯ ಮನೆ ಮತ್ತು ವಿಶಾಲ ನಿವೇಶನದ ಖರೀದಿಪೂರ್ವ ಪರಿಶೀಲನೆ

ಹಳೆಯ ಮನೆ ಮತ್ತು ವಿಶಾಲ ನಿವೇಶನದ ಖರೀದಿಪೂರ್ವ ಪರಿಶೀಲನೆ ಎಂದರೆ ಹಲವು ದಶಕಗಳ ಹಿಂದೆ ಕಟ್ಟಿದ ಮನೆಯೊಂದನ್ನು ಅದರ ಹಿತ್ತಲು, ಬಾವಿ, ಮರಗಿಡಗಳ ಸಮೇತ ಕೊಳ್ಳುವ ಮೊದಲು ಸ್ವತ್ತಿನ ಹಕ್ಕು, ಗಡಿ, ಕಟ್ಟಡದ ಸ್ಥಿತಿ ಮತ್ತು ಬೆಲೆಗಳನ್ನು ಕ್ರಮವಾಗಿ ಪರೀಕ್ಷಿಸುವುದು. ಈ ಲೇಖನವು ಕರ್ನಾಟಕದಲ್ಲಿ ರೂಢಿಯಲ್ಲಿರುವ ಪದ್ಧತಿ ಹಾಗೂ ಕಾನೂನುಗಳನ್ನು ಆಧರಿಸಿದೆ. ಸೋರುವ ಮಾಡು, ಬಿರುಕು ಬಿಟ್ಟ ಗೋಡೆ ಮುಂತಾದ ದೋಷಗಳನ್ನು ಹಣ ವೆಚ್ಚ ಮಾಡಿ ಸರಿಪಡಿಸಬಹುದು. ಹಕ್ಕಿನ ಅಥವಾ ಗಡಿಯ ದೋಷವನ್ನು ಹಾಗೆ ಸರಿಪಡಿಸುವುದು ಬಹುಮಟ್ಟಿಗೆ ಕೊಳ್ಳುವವರ ಕೈಯಲ್ಲಿರುವುದಿಲ್ಲ. ಆದುದರಿಂದ ಮೊದಲು ದಾಖಲೆ, ನಂತರ ಅಳತೆ, ಕೊನೆಗೆ ಕಟ್ಟಡ ಎಂಬ ಅನುಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

ಹಿನ್ನೆಲೆ

ಹಳೆಯ ಮೈಸೂರು ಪ್ರಾಂತದ ತೊಟ್ಟಿ ಮನೆಗಳು, ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳು, ಉತ್ತರ ಕರ್ನಾಟಕದ ಮಾಳಿಗೆ ಮನೆಗಳು, ನಗರಗಳ ಹಳೆಯ ಬಡಾವಣೆಗಳಲ್ಲಿರುವ ಬಂಗಲೆಗಳು ಈ ಬಗೆಯ ಸ್ವತ್ತುಗಳಿಗೆ ಉದಾಹರಣೆಗಳು. ಇವುಗಳಲ್ಲಿ ಹೆಚ್ಚಿನವು ತಲೆಮಾರಿನಿಂದ ತಲೆಮಾರಿಗೆ ಬಂದವು. ಮಕ್ಕಳು ಬೇರೆ ಊರು, ಬೇರೆ ದೇಶಗಳಲ್ಲಿ ನೆಲೆಸಿದ ಮೇಲೆ ಇಂಥ ಮನೆಗಳು ಮಾರಾಟಕ್ಕೆ ಬರುವುದುಂಟು. ಹೊಸ ಬಡಾವಣೆಯ ನಿವೇಶನಕ್ಕೆ ಒಂದೆರಡು ಕ್ರಯಪತ್ರಗಳ ಇತಿಹಾಸವಿದ್ದರೆ, ಹಳೆಯ ಮನೆಗೆ ಪಾಲು, ವಿಲ್, ದಾನ, ಅಡಮಾನಗಳ ದೀರ್ಘ ಇತಿಹಾಸವಿರುತ್ತದೆ. ಅದರ ಕೆಲವು ಭಾಗಗಳು ಬಾಯಿಮಾತಿನಲ್ಲಿ ಮಾತ್ರ ಉಳಿದಿರಬಹುದು.

ಹಕ್ಕು ಮತ್ತು ದಾಖಲೆಗಳು

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಪ್ರಕರಣದಂತೆ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಆದುದರಿಂದ ಮಾರಾಟಗಾರರಿಗೆ ಸ್ವತ್ತು ಹೇಗೆ ಬಂದಿತು, ಅವರಿಗೆ ಕೊಟ್ಟವರಿಗೆ ಹೇಗೆ ಬಂದಿತ್ತು ಎಂಬುದನ್ನು ಮೂಲಪತ್ರಗಳ ಮೂಲಕ ಹಿಂದಕ್ಕೆ ನೋಡುತ್ತ ಹೋಗಬೇಕು.

ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೊರೆಯುವ ಋಣಭಾರ ಪ್ರಮಾಣಪತ್ರವು ನಮೂನೆ 15ರಲ್ಲಿದ್ದರೆ ಆ ಅವಧಿಯಲ್ಲಿ ನೋಂದಾಯಿತ ವ್ಯವಹಾರಗಳು ನಡೆದಿವೆ ಎಂದೂ, ನಮೂನೆ 16ರಲ್ಲಿದ್ದರೆ ನಡೆದಿಲ್ಲ ಎಂದೂ ಅರ್ಥ. ನೋಂದಣಿಯಾಗದ ಪಾಲುಪಟ್ಟಿ, ಬಾಯಿಮಾತಿನ ಕರಾರು, ನ್ಯಾಯಾಲಯದಲ್ಲಿರುವ ದಾವೆ ಇವು ಈ ಪತ್ರದಲ್ಲಿ ಕಾಣದಿರಬಹುದು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವೂ ಹೀಗೆಯೇ ಮರೆಯಾಗಿರಬಹುದು. ಆದಕಾರಣ ನಕಲುಗಳನ್ನು ನೋಡಿ ತೃಪ್ತರಾಗದೆ ಮೂಲಪತ್ರಗಳನ್ನೇ ಕಣ್ಣಾರೆ ನೋಡುವುದು ಅಗತ್ಯ.

ಖಾತೆಯು ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಡುವ ದಾಖಲೆ. ಖಾತೆ ಒಬ್ಬರ ಹೆಸರಿನಲ್ಲಿದೆ ಎಂಬುದರಿಂದಲೇ ಅವರು ಮಾಲೀಕರೆಂದು ಸಿದ್ಧವಾಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗಳಿಗೆ ಇ-ಸ್ವತ್ತು ತಂತ್ರಾಂಶದ ಮೂಲಕ ನೀಡುವ ನಮೂನೆ 9 ಮತ್ತು 11ನ್ನು ನೋಡಬೇಕು.

ವಾರಸುದಾರರು

ಪಿತ್ರಾರ್ಜಿತ ಮನೆಯ ವಿಷಯದಲ್ಲಿ ವಂಶವೃಕ್ಷದ ಪರಿಶೀಲನೆ ಅತ್ಯಂತ ಮಹತ್ವದ್ದು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯು ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ನೀಡಿತು. ಆ ದಿನ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನಡೆದ ಮಾರಾಟ, ನೋಂದಾಯಿತ ವಿಭಾಗ ಮುಂತಾದವುಗಳಿಗೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯಿಲ್ಲದೆ ಅಣ್ಣತಮ್ಮಂದಿರಷ್ಟೇ ಮಾರಿದ ಮನೆಯು ಮುಂದೆ ವ್ಯಾಜ್ಯಕ್ಕೆ ಸಿಲುಕುವುದು ಇದೇ ಕಾರಣದಿಂದ.

ಕರಾವಳಿಯ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಹಕ್ಕು ಸ್ತ್ರೀ ಸಂತತಿಯ ಮೂಲಕ ಸಾಗಿಬಂದಿರುವುದರಿಂದ ವಂಶವೃಕ್ಷವನ್ನು ಆ ಕ್ರಮದಲ್ಲಿಯೇ ಓದಬೇಕು. ಅಪ್ರಾಪ್ತ ವಯಸ್ಕರ ಪ್ರತ್ಯೇಕ ಸ್ವತ್ತನ್ನು ಮಾರಲು ಹಿಂದೂ ಸಹಜ ಪೋಷಕರಿಗೆ 1956ರ ಕಾಯ್ದೆಯಂತೆ ನ್ಯಾಯಾಲಯದ ಪೂರ್ವಾನುಮತಿ ಬೇಕು.

ನಿವೇಶನದ ಅಳತೆ ಮತ್ತು ಸ್ವರೂಪ

ಒಂದೇ ಆವರಣ ಗೋಡೆಯ ಒಳಗಿರುವ ನೆಲವೆಲ್ಲ ಒಂದೇ ಬಗೆಯದೆಂದು ಭಾವಿಸಬಾರದು. ಹಳ್ಳಿಗಳಲ್ಲಿ ಮನೆಯು ಗ್ರಾಮಠಾಣಾ ಜಾಗದಲ್ಲಿದ್ದು, ಹಿಂದಿನ ಹಿತ್ತಲು ಪಕ್ಕದ ಸರ್ವೆ ನಂಬರಿಗೆ ಸೇರಿದ ಕೃಷಿಭೂಮಿಯಾಗಿರಬಹುದು. ಅದರ ದಾಖಲೆ ಪಹಣಿಯಲ್ಲಿರುತ್ತದೆ. ಅಲ್ಲಿ ಮನೆ ಕಟ್ಟುವ ಉದ್ದೇಶವಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಭೂಪರಿವರ್ತನೆ ಆಗಿದೆಯೇ ಎಂದು ನೋಡಬೇಕು. ಪಹಣಿಯಲ್ಲಿ ಬಿ ಖರಾಬು ಎಂದು ನಮೂದಾದ ಜಾಗವು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದುದು. ಅದನ್ನು ಬೇಲಿಯೊಳಗೆ ಸೇರಿಸಿಕೊಂಡಿದ್ದರೂ ಮಾರುವ ಹಕ್ಕು ಯಾರಿಗೂ ಇರುವುದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದಲ್ಲಿ, ಪಿ.ಟಿ.ಸಿ.ಎಲ್. ಎಂದು ಪ್ರಸಿದ್ಧವಾದ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟವು ಅಸಿಂಧುವಾಗುತ್ತದೆ.

ಪತ್ರದಲ್ಲಿರುವ ಅಳತೆಯನ್ನು ನೆಲದ ಮೇಲಿನ ಅಳತೆಯೊಂದಿಗೆ ಹೋಲಿಸಲು ಭೂಮಾಪಕರ ನೆರವು ಬೇಕು. ಒಂದು ಗುಂಟೆಗೆ 1,089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. ಕರಾವಳಿಯಲ್ಲಿ ಬಳಕೆಯಲ್ಲಿರುವ ಸೆಂಟ್ಸ್ ಎಂಬ ಅಳತೆಯಲ್ಲಿ ಒಂದು ಸೆಂಟ್ಸ್‌ಗೆ 435.6 ಚದರ ಅಡಿ. 20 ಗುಂಟೆಯೆಂದು ಹೇಳಿದ ಜಾಗ ಅಳತೆಯಲ್ಲಿ 18 ಗುಂಟೆ ಬಂದರೆ ಕೊರತೆಯು 2,178 ಚದರ ಅಡಿಯಾಗುತ್ತದೆ. ಅಂದರೆ 30×40 ಅಡಿಯ ಎರಡು ನಿವೇಶನಗಳಿಗಿಂತ ತುಸು ಕಡಿಮೆ ಜಾಗ. ಚೆಕ್ಕುಬಂದಿಯಲ್ಲಿ ಹೆಸರಿಸಿದ ನೆರೆಯವರು ತೀರಿಕೊಂಡು ಜಾಗ ಕೈಬದಲಾಗಿದ್ದರೆ, ಈಗಿನ ನೆರೆಯವರನ್ನು ಕರೆಸಿ ಅವರ ಸಮ್ಮುಖದಲ್ಲಿ ಅಳೆಸುವುದು ಒಳ್ಳೆಯದು.

ವಿಶಾಲ ಹಿತ್ತಲಿನ ಮೂಲಕ ಊರಿನವರು ಬಾವಿಗೋ ಗದ್ದೆಗೋ ನಡೆದಾಡುವ ಕಾಲುದಾರಿ ಇದೆಯೇ ಎಂಬುದನ್ನೂ ವಿಚಾರಿಸಬೇಕು. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯಂತೆ, ಹಕ್ಕೆಂದು 20 ವರ್ಷ ಅಡೆತಡೆಯಿಲ್ಲದೆ ಬಹಿರಂಗವಾಗಿ ಬಳಸಿದ ದಾರಿಯ ಮೇಲೆ ಬಳಸಿದವರಿಗೆ ಹಕ್ಕು ಪ್ರಾಪ್ತವಾಗಬಹುದು. ಕರಾವಳಿಯ ಹಿತ್ತಲುಗಳಲ್ಲಿ ನಾಗಬನ, ದೈವದ ಗುಡಿಗಳಿದ್ದರೆ ಕುಟುಂಬದವರು ಪೂಜೆಗೆ ಬರುವ ವಾಡಿಕೆಯನ್ನು ಮೊದಲೇ ತಿಳಿದುಕೊಳ್ಳಬೇಕು.

ಮರಗಳನ್ನು ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿರ್ಬಂಧಗಳಿವೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿನ ಪ್ರದೇಶದಲ್ಲಿ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್ ವರೆಗೆ ಅನುಮತಿ ಬೇಕು. ಶ್ರೀರಂಗಪಟ್ಟಣ, ಬಾದಾಮಿಯಂಥ ಊರುಗಳಲ್ಲಿ ಇದು ಮುಖ್ಯ ಸಂಗತಿ.

ಕಟ್ಟಡದ ಸ್ಥಿತಿ

ಹಳೆಯ ಮನೆಯನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ನೋಡುವುದು ಉತ್ತಮ. ಸುಣ್ಣ ಬಳಿದು ಮರೆಮಾಡಿದ ಸೋರಿಕೆ ಮಳೆ ಬಂದಾಗ ಹೊರಬೀಳುತ್ತದೆ.

ಬಿರುಕುಗಳು: ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕು ಸಾಮಾನ್ಯ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ತಳಪಾಯ ಕುಸಿದಿರುವುದರ ಸೂಚನೆಯಾಗಿರಬಹುದು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅಲ್ಲಿ ಇದು ಹೆಚ್ಚು. ಬಿರುಕಿನ ತುದಿಗೆ ಗೆರೆ ಎಳೆದು ದಿನಾಂಕ ಬರೆದಿಟ್ಟರೆ ಅದು ಬೆಳೆಯುತ್ತಿದೆಯೇ ಎಂಬುದು ಕೆಲವು ತಿಂಗಳಲ್ಲಿ ತಿಳಿಯುತ್ತದೆ.

ಮಾಡು: ಹೆಂಚಿನ ಮಾಡಿನಲ್ಲಿ ಹೆಂಚಿಗಿಂತ ಅದನ್ನು ಹೊತ್ತ ಮರಮುಟ್ಟು ಮುಖ್ಯ. ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ತೇವ ಮತ್ತು ಗೆದ್ದಲು ಮೊದಲು ತಗಲುತ್ತವೆ. ಅಲ್ಲಿ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅಥವಾ ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಮರ ಕೆಟ್ಟಿದೆ ಎಂದರ್ಥ. ಮಾಳಿಗೆ ಮನೆಗಳಲ್ಲಿ ಸೋರಿಕೆ ತಡೆಯಲು ಮತ್ತೆ ಮತ್ತೆ ಮಣ್ಣು ಹಾಕಿದರೆ ಜಂತಿಗಳ ಮೇಲಿನ ಭಾರ ಹೆಚ್ಚುತ್ತ ಹೋಗುತ್ತದೆ. ಕಾಂಕ್ರೀಟ್ ತಾರಸಿಯ ಅಡಿಭಾಗದಲ್ಲಿ ಗಾರೆ ಉದುರಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಸ್ಟ್ರಕ್ಚರಲ್ ಇಂಜಿನಿಯರ್ ಅವರ ಅಭಿಪ್ರಾಯ ಪಡೆಯಬೇಕು.

ಗೋಡೆ: ಮಣ್ಣು ಅಥವಾ ಸುಣ್ಣದ ಗಾರೆಯ ಗೋಡೆಗೆ ಇತ್ತೀಚೆಗೆ ಸಿಮೆಂಟ್ ಗಾರೆ ಮಾಡಿದ್ದರೆ, ನೆಲದಿಂದ ಏರಿದ ತೇವವು ಹೊರಹೋಗಲಾಗದೆ ಒಳಗೇ ಉಳಿಯುತ್ತದೆ. ಹೊಸದಾಗಿ ಕಂಡ ಮಾತ್ರಕ್ಕೆ ಗೋಡೆ ಗಟ್ಟಿಯಾಗಿದೆ ಎನ್ನಲಾಗದು.

ವಿದ್ಯುತ್ ಮತ್ತು ನೀರು: ಮರದ ಪಟ್ಟಿಯ ಮೇಲಿನ ಹಳೆಯ ತಂತಿ, ಅರ್ಥಿಂಗ್ ಇಲ್ಲದ ಸಂಪರ್ಕ, ತುಕ್ಕು ಹಿಡಿದ ಜಿ.ಐ. ಕೊಳವೆಗಳನ್ನು ಪೂರ್ತಿ ಬದಲಿಸಬೇಕಾಗಬಹುದು. ಬಾವಿಯ ನೀರನ್ನು ಕಡುಬೇಸಿಗೆಯಲ್ಲಿ ನೋಡಬೇಕು. ಶೌಚದ ಗುಂಡಿ ಎಲ್ಲಿದೆಯೆಂದು ಗುರುತಿಸಿ, ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.

ಬೆಲೆಯ ನಿರ್ಧಾರ

ಇಂಥ ಸ್ವತ್ತಿನಲ್ಲಿ ನೆಲದ ಬೆಲೆಯೇ ದೊಡ್ಡ ಪಾಲು. ಹಕ್ಕು ಸ್ಪಷ್ಟವಾಗಿರುವ ಜಾಗಕ್ಕೆ ಮಾತ್ರ ಬೆಲೆ ಕಟ್ಟಿ, ಅದಕ್ಕೆ ಕಟ್ಟಡದ ಉಳಿಕೆ ಬೆಲೆಯನ್ನು ಸೇರಿಸಿ, ಅವಶ್ಯ ದುರಸ್ತಿಯ ಅಂದಾಜನ್ನು ಕಳೆಯುವುದು ನೇರವಾದ ವಿಧಾನ. ಸರ್ಕಾರದ ಮಾರ್ಗಸೂಚಿ ದರವು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇರುವುದು, ಅದು ಮಾರುಕಟ್ಟೆ ಬೆಲೆಯಲ್ಲ. ಸಾಗುವಾನಿ, ಹಲಸಿನ ಕಂಬಗಳಿರುವ ಮನೆಯನ್ನು ಕೆಡವುವ ಉದ್ದೇಶವಿದ್ದರೆ ಮರಮುಟ್ಟಿನ ಬೆಲೆಯನ್ನೂ, ಉಳಿಸಿಕೊಳ್ಳುವುದಾದರೆ ಹಳೆಯ ಕೆಲಸ ಬಲ್ಲ ಬಡಗಿ ಮತ್ತು ಗಾರೆಯವರ ಕೂಲಿಯನ್ನೂ ಲೆಕ್ಕಕ್ಕೆ ತರಬೇಕು.

ಕರಾರು

ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಪ್ರಕರಣದಂತೆ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತಮಗೆ ತಿಳಿದಿರುವ ಮುಖ್ಯ ದೋಷಗಳನ್ನು ಮಾರುವವರು ತಿಳಿಸಬೇಕು. ಕಣ್ಣಿಗೆ ಕಾಣುವ ದೋಷಗಳ ಹೊಣೆ ಕೊಳ್ಳುವವರದೇ. ಕ್ರಯದ ಕರಾರುಪತ್ರದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ. ಆದ್ದರಿಂದ ಮುಂಗಡವನ್ನು ಮಿತವಾಗಿಟ್ಟು, ಅಳತೆ ಕಡಿಮೆ ಬಂದರೆ ಅಥವಾ ವಾರಸುದಾರರೊಬ್ಬರು ಸಹಿ ಹಾಕದಿದ್ದರೆ ಹಣ ಹಿಂದಿರುಗಿಸಬೇಕೆಂಬ ಷರತ್ತನ್ನು ಬರೆಸುವುದು ವಾಡಿಕೆ. ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ನೀಡಿ ತಕರಾರುಗಳನ್ನು ಆಹ್ವಾನಿಸುವ ರೂಢಿಯೂ ಇದೆ. ಕ್ರಯಪತ್ರ ನೋಂದಣಿಯಾದ ಬಳಿಕ ಖಾತೆ ಬದಲಾವಣೆ, ಪಹಣಿ ಇದ್ದಲ್ಲಿ ಮ್ಯುಟೇಷನ್, ವಿದ್ಯುತ್ ಮತ್ತು ನೀರಿನ ಸಂಪರ್ಕಗಳ ಹೆಸರು ಬದಲಾವಣೆ ಇವುಗಳನ್ನು ಪೂರೈಸಿಕೊಳ್ಳಬೇಕು.